ನಿರಾಕಾರ ಗೇಮ್ ಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಆಗಲಿ, ಅದರ ವಿಷಯವೇನು, ಪ್ರಯೋಜನವೇನು, ಓದಲು ಅಧಿಕಾರಿ ಯಾರು, ಇವುಗಳ ನಡುವಣ ಸಂಬಂಧವೇನು ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ವಿಡಿಯೊ ಗೇಮ್ ಎಂಬುದು ಡಿಸ್ಕು, ಕ್ಯಾಸೆಟ್ಟು, ಡಬ್ಬಿಗಳೆಂಬ ದೇಹವನ್ನು ಕಳಚಿಟ್ಟು ಡೌನ್‌ಲೋಡ್ ಎಂಬ ನಿರಾಕಾರ ಸ್ಥಿತಿಗೇರಿದ ಬಗೆ. ಪ್ರಯೋಜನ: ಮೋಕ್ಷ. ಅಧಿಕಾರಿ: ಕ್ರೆಡಿಟ್ ಕಾರ್ಡ್ ಉಳ್ಳವನು. ಸಂಬಂಧ: ಆ ಕಾರ್ಡಿನ ಹಿಂಬದಿಯ ಮೂರು ಅಂಕಿ. ಇನ್ನು ಸಿದ್ಧಾಂತ. ಯಾವುದನ್ನೂ ತನ್ನದೆಂದು ಕೂಡಿಟ್ಟುಕೊಳ್ಳದಿರುವ ಅಪರಿಗ್ರಹ ವ್ರತವನ್ನು ಬಸದಿಗಳಲ್ಲೂ ಮಠಗಳಲ್ಲೂ ಶತಮಾನಗಟ್ಟಲೆ ಬೋಧಿಸಿದರೂ ಸಂಸಾರಿಗಳ ತಲೆಗೆ ಅದು ಹತ್ತಲಿಲ್ಲ. ಅಂಥದನ್ನು ಬೆರಳೆಣಿಕೆಯ ಕಂಪನಿಗಳು ಎರಡೇ ದಶಕಗಳಲ್ಲಿ ಕೋಟ್ಯಂತರ ಜನರಿಂದ ಆಚರಿಸಿ ತೋರಿಸಿವೆ, ಅದೂ ಜನರೇ ದುಡ್ಡು ಕೊಟ್ಟು ಆಚರಿಸುವಂತೆ. ಸೋನಿ ಕಂಪನಿಯ ಲೆಕ್ಕದಂತೆ, 2019ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಪ್ಲೇಸ್ಟೇಷನ್‌ಗಾಗಿ ಮಾರಾಟವಾದ ಪೂರ್ಣ ಗೇಮ್‌ಗಳಲ್ಲಿ ನೂರಕ್ಕೆ 37 ಮಾತ್ರ ಡೌನ್‌ಲೋಡ್ ಆಗಿದ್ದವು; ಐದು ವರ್ಷ ಕಳೆದು 2024ರ ಮಾರ್ಚಿಗೆ ಅದು ಸುಮಾರು 70ಕ್ಕೆ ಏರಿತು. ಇಷ್ಟು ಬೇಗ ಇಷ್ಟು ಮಂದಿಗೆ ವೈರಾಗ್ಯ ಬಂದ ಉದಾಹರಣೆ ಧರ್ಮಗಳ ಚರಿತ್ರೆಯಲ್ಲಿ ಸಿಗುವುದು ದುರ್ಲಭ.

ಈ ಸಾಧನೆಗೆ ಮೆಟ್ಟಿಲುಗಳಿವೆ. ಮೊದಲನೆಯದು ಸ್ಥೂಲಯುಗ. ಆಗ ಗೇಮ್ ಎಂದರೆ ಕೈಗೆ ಸಿಗುವ ಪ್ಲಾಸ್ಟಿಕ್ ಬಿಲ್ಲೆ. ನಮ್ಮಲ್ಲಿ ಅದನ್ನು ಕ್ಯಾಸೆಟ್ ಎಂದರು. ಟಿ.ವಿ.ಯಲ್ಲಿ ಚಿತ್ರ ಮೂಡದಿದ್ದರೆ ಕ್ಯಾಸೆಟ್ಟನ್ನು ಹೊರಗೆಳೆದು, ಅದರ ಬಾಯಿಗೆ ಬಾಯಿಟ್ಟು ಉಫ್ ಎಂದು ಊದಿ ಮತ್ತೆ ತುರುಕುವ ಕ್ರಿಯೆ ಅಮೆರಿಕದಲ್ಲೂ ಜಪಾನಿನಲ್ಲೂ ಭದ್ರಾವತಿಯಲ್ಲೂ ಒಂದೇ ವಿಧಿಯಲ್ಲಿ ನಡೆಯುತ್ತಿತ್ತು. ಉಸಿರಿನ ತೇವಕ್ಕೆ ಒಳಗಿನ ಲೋಹದ ಹಲ್ಲುಗಳು ಕೆಡುತ್ತವೆ, ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿತ್ತು. ಆದರೆ ಪ್ರಾಣಪ್ರತಿಷ್ಠೆಯನ್ನು ತಯಾರಕರ ಕೈಪಿಡಿ ನೋಡಿಕೊಂಡು ಯಾರು ಮಾಡುತ್ತಾರೆ? 1990ರ ದಶಕದಲ್ಲಿ ನಮ್ಮ ಮನೆಗಳನ್ನು ಹೊಕ್ಕ ‘9999 ಇನ್ 1’ ಕ್ಯಾಸೆಟ್ಟುಗಳಂತೂ ನಾಮರೂಪಗಳ ಮಿಥ್ಯೆಯನ್ನು ಎಳೆಯ ಮಕ್ಕಳಿಗೇ ಬೋಧಿಸಿಬಿಟ್ಟವು. ಪಟ್ಟಿಯಲ್ಲಿ ಸಾವಿರಾರು ಹೆಸರು. ಒಳಗೆ ಇದ್ದದ್ದು ಬೆರಳ ಮೇಲೆ ಎಣಿಸಬಹುದಾದಷ್ಟು ಆಟ, ಅವೇ ಬೇರೆ ಬೇರೆ ಹೆಸರು ಹೊತ್ತು ಮತ್ತೆ ಮತ್ತೆ ಬರುತ್ತಿದ್ದವು. ವಸ್ತುವಿನ ಮೇಲಿನ ಮೋಹ ಬಿಡಿಸುವ ಪ್ರಯತ್ನ ಸ್ಪಷ್ಟವಾಗಿ ಕಾಣುವುದು 2017ರಲ್ಲಿ. ಆ ವರ್ಷ ಬಂದ ನಿಂಟೆಂಡೊ ಸ್ವಿಚ್‌ನ ಗೇಮ್ ಕಾರ್ಡುಗಳಿಗೆ ಡಿನಾಟೋನಿಯಂ ಬೆಂಜೋಯೇಟ್ ಎಂಬ ಕಡುಕಹಿಯ ಲೇಪ ಹಚ್ಚಲಾಗಿತ್ತು. ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳದಿರಲಿ ಎಂಬುದು ಕಂಪನಿಯ ವಿವರಣೆ. ಶಬ್ದಪ್ರಮಾಣ ಸಾಲದೆಂದು ಕೆಲವು ಪತ್ರಕರ್ತರು ಕಾರ್ಡನ್ನು ನೆಕ್ಕಿ ಪ್ರತ್ಯಕ್ಷ ಪ್ರಮಾಣ ಪಡೆದು, ಹೌದು, ಕಹಿಯೇ ಎಂದು ಬರೆದರು. ಕಂಪನಿ ಹೇಳದೆ ಬಿಟ್ಟ ತಾತ್ಪರ್ಯವನ್ನು ನಾವು ಹೇಳುತ್ತೇವೆ: ಕೈಗೆ ಸಿಗುವುದೆಲ್ಲ ಕೊನೆಗೆ ಕಹಿ.

ಎರಡನೆಯ ಮೆಟ್ಟಿಲು ಇನ್ನೂ ಸೂಕ್ಷ್ಮ. ಇಲ್ಲಿ ದೇಹ ಇರುತ್ತದೆ, ಒಳಗೆ ಆತ್ಮ ಇರುವುದಿಲ್ಲ. 2022ರಲ್ಲಿ ಬಂದ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಗೇಮಿನ ಪ್ಲೇಸ್ಟೇಷನ್ 5 ಡಿಸ್ಕನ್ನು ಪರೀಕ್ಷಿಸಿದವರಿಗೆ ಅದರಲ್ಲಿ ಕಂಡದ್ದು ಸುಮಾರು 70 ಎಂ.ಬಿ.; ಮಿಕ್ಕ ಹತ್ತಾರು ಜಿ.ಬಿ. ಇಂಟರ್‌ನೆಟ್‌ನಿಂದ ಇಳಿಯಬೇಕು. ಹೊಳೆಯುವ ಬಿಲ್ಲೆ, ಚಂದದ ಡಬ್ಬಿ, ಪೂರ್ತಿ ಬೆಲೆ, ಒಳಗೆ ಬಹುಮಟ್ಟಿಗೆ ಶೂನ್ಯ. 2025ರ ಜೂನಿನಲ್ಲಿ ಮಾರುಕಟ್ಟೆಗೆ ಬಂದ ಸ್ವಿಚ್ 2 ಇದನ್ನು ಗುಟ್ಟಾಗಿ ಇಡದೆ ‘ಗೇಮ್ ಕೀ ಕಾರ್ಡ್’ ಎಂದು ನಾಮಕರಣವನ್ನೇ ಮಾಡಿತು. ಈ ಕಾರ್ಡಿನಲ್ಲಿ ಗೇಮ್ ಇಲ್ಲ, ಗೇಮನ್ನು ಇಳಿಸಿಕೊಳ್ಳುವ ಬೀಗದ ಕೈ ಮಾತ್ರ ಇದೆ. ಇಳಿಸಿಕೊಂಡ ಮೇಲೂ ಆಡುವಾಗಲೆಲ್ಲ ಆ ಖಾಲಿ ಕಾರ್ಡನ್ನು ಯಂತ್ರದೊಳಗೆ ಇಟ್ಟಿರಲೇಬೇಕು. ಕಾರ್ಡ್ ಇದ್ದು ಯಂತ್ರದಲ್ಲಿ ಗೇಮ್ ಇಳಿಸಲು ಜಾಗವಿಲ್ಲದಿದ್ದರೆ ಆಟವಿಲ್ಲ. ಜಾಗವಿದ್ದು ಕಾರ್ಡ್ ಕಳೆದುಹೋದರೆ ಆಗಲೂ ಆಟವಿಲ್ಲ. ಡಿಸ್ಕು ಬೇರೆ ಡೌನ್‌ಲೋಡು ಬೇರೆ ಎಂಬುದು ದ್ವೈತ, ಎಲ್ಲವೂ ಡೌನ್‌ಲೋಡೇ ಎಂಬುದು ಅದ್ವೈತ. ಎರಡರ ಅನನುಕೂಲಗಳನ್ನೂ ಒಂದರಲ್ಲೇ ಬೆಸೆದ ಈ ಕಾರ್ಡಿಗೆ ವಿಶಿಷ್ಟಾದ್ವೈತ ಎನ್ನಲು ನಾಲಗೆಯ ತುದಿಯವರೆಗೂ ಬರುತ್ತದೆ, ಮೇಲುಕೋಟೆಯವರು ಕ್ಷಮಿಸಬೇಕು. ಮೂರನೆಯ ಮೆಟ್ಟಿಲಲ್ಲಿ ಡಿಸ್ಕು ತುರುಕುವ ಬಾಯಿಯೇ ಯಂತ್ರಕ್ಕೆ ಇರುವುದಿಲ್ಲ. 2019ರ ಎಕ್ಸ್‌ಬಾಕ್ಸ್ ಒನ್ ಎಸ್‌ನ ಆಲ್ ಡಿಜಿಟಲ್ ಆವೃತ್ತಿ, 2020ರ ಪ್ಲೇಸ್ಟೇಷನ್ 5 ಡಿಜಿಟಲ್ ಆವೃತ್ತಿ ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಆ ಸ್ಥಿತಿಯನ್ನು ಮುಟ್ಟಿದವು.

ಈಗ ಪೂರ್ವಪಕ್ಷ. ಆಕ್ಷೇಪಕರ ಮೊದಲ ಮಾತು ದಾನದ ಬಗೆಗೆ. ಕೊಂಡ ವಸ್ತುವನ್ನು ಗೆಳೆಯನಿಗೆ ಕೊಡಬಹುದು, ಸೆಕೆಂಡ್ ಹ್ಯಾಂಡ್ ಅಂಗಡಿಗೆ ಮಾರಬಹುದು. ಡೌನ್‌ಲೋಡನ್ನು ಹಾಗೆ ಮಾಡುವಂತಿಲ್ಲ ಎನ್ನುತ್ತಾರೆ. ಇವರಿಗೆ ಗಟ್ಟಿಯಾದ ಆಧಾರವೂ ಉಂಟು. ಅಮೆರಿಕದಲ್ಲಿ ಒಬ್ಬ ಪ್ರಕಾಶಕ ತನ್ನ ಕಾದಂಬರಿಯ ಪುಟದಲ್ಲೇ ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದು ಎಂದು ಅಚ್ಚು ಹಾಕಿಸಿದ. ಮೇಸೀಸ್ ಅಂಗಡಿಯವರು 89 ಸೆಂಟಿಗೆ ಮಾರಿದರು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಒಮ್ಮೆ ಮಾರಿದ ಪ್ರತಿಯ ಮೇಲೆ ಪ್ರಕಾಶಕನ ಹಿಡಿತ ಅಲ್ಲಿಗೆ ಮುಗಿಯಿತು ಎಂದು 1908ರಲ್ಲಿ ತೀರ್ಪಾಯಿತು. ಹಳೆಯ ಪುಸ್ತಕದ ಅಂಗಡಿಗಳೂ ಹಳೆಯ ಗೇಮಿನ ಅಂಗಡಿಗಳೂ ಅಲ್ಲಿ ಆ ನೆರಳಲ್ಲೇ ಬೆಳೆದವು. 2013ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಯಂತ್ರವನ್ನು ಘೋಷಿಸಿದಾಗ ಈ ಬಂಧನವನ್ನು ಬಿಡಿಸಲು ನೋಡಿತು: ಯಂತ್ರ ದಿನಕ್ಕೊಮ್ಮೆ ಇಂಟರ್‌ನೆಟ್‌ನಲ್ಲಿ ಹಾಜರಿ ಹಾಕಬೇಕು, ಡಿಸ್ಕನ್ನು ಕೊಡುವುದಾದರೆ ಮೂವತ್ತು ದಿನವಾದರೂ ಗೆಳೆಯರ ಪಟ್ಟಿಯಲ್ಲಿ ಇದ್ದವನಿಗೇ ಕೊಡಬೇಕು, ಅದೂ ಒಂದು ಡಿಸ್ಕು ಒಂದೇ ಸಲ. ಕನ್ಯಾದಾನಕ್ಕೂ ಇಷ್ಟು ನಿಯಮಗಳಿಲ್ಲ. ಇದರ ಬೆನ್ನಿಗೇ ಸೋನಿ ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೊ ಬಿಟ್ಟಿತು. ಪ್ಲೇಸ್ಟೇಷನ್ 4ರಲ್ಲಿ ಗೇಮನ್ನು ಹಂಚಿಕೊಳ್ಳುವ ವಿಧಾನವನ್ನು ಅದರಲ್ಲಿ ತೋರಿಸಲಾಗಿತ್ತು. ಕಂಪನಿಯ ಶುಹೆ ಯೋಶಿದಾ ಡಬ್ಬಿಯನ್ನು ಪಕ್ಕದಲ್ಲಿ ನಿಂತ ಸಹೋದ್ಯೋಗಿಯ ಕೈಗೆ ಕೊಡುತ್ತಾರೆ, ಆತ ತೆಗೆದುಕೊಳ್ಳುತ್ತಾನೆ, ಅಷ್ಟೇ. ಜನ ನಕ್ಕರು, ಜೂನ್ 19ಕ್ಕೆ ಮೈಕ್ರೋಸಾಫ್ಟ್ ತನ್ನ ನಿಯಮಗಳನ್ನು ಹಿಂತೆಗೆದುಕೊಂಡಿತು.

ಈ ಘಟನೆಯನ್ನು ಆಕ್ಷೇಪಕರು ತಮ್ಮ ಜಯವೆಂದು ಹಾಡುತ್ತಾರೆ. ನಮ್ಮ ಉತ್ತರ ಸರಳ: ಅಂದು ಶಿಷ್ಯರು ಪಕ್ವವಾಗಿರಲಿಲ್ಲ. ಮೈಕ್ರೋಸಾಫ್ಟ್ ಡಿಸ್ಕನ್ನು ಇಟ್ಟುಕೊಂಡು ಹಕ್ಕನ್ನು ಮಾತ್ರ ಕಿತ್ತುಕೊಳ್ಳಲು ಹೋಗಿ ಬೈಸಿಕೊಂಡಿತು. ಮುಂದಿನ ಗುರುಗಳು ಡಿಸ್ಕನ್ನೇ ಐಚ್ಛಿಕ ಮಾಡಿದರು. ಡಿಸ್ಕಿನ ಜೊತೆ ಹಕ್ಕೂ ತಾನಾಗಿ ಹೊರಟುಹೋಯಿತು, ಒಬ್ಬರೂ ಕೂಗಲಿಲ್ಲ. ಕೈಯಿಂದ ಕೈಗೆ ಕೊಟ್ಟು ತೋರಿಸಿದ ಅದೇ ಸೋನಿ ಏಳು ವರ್ಷಕ್ಕೆ ಡಿಸ್ಕಿನ ಬಾಯಿಲ್ಲದ ಯಂತ್ರವನ್ನು ನೂರು ಡಾಲರು ಕಡಿಮೆಗೆ ಮಾರಿದಾಗ ಜನ ಸಾಲು ನಿಂತು ಕೊಂಡರು. ನ್ಯಾಯಾಲಯಗಳೂ ತತ್ತ್ವವನ್ನು ಅರಿತವು. ರೆಡಿಜಿ ಎಂಬ ಕಂಪನಿ ಹಳೆಯ ಸಂಗೀತದ ಫೈಲುಗಳನ್ನು ಮರುಮಾರಾಟ ಮಾಡಲು ಹೊರಟಾಗ, ಫೈಲು ಎಂಬುದು ಡಬ್ಬಿಯಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದಿಲ್ಲ, ಅಲ್ಲಿ ಹೊಸ ಪ್ರತಿ ಹುಟ್ಟುತ್ತದೆ, ಪ್ರತಿ ಮಾಡಲು ನಿನಗೆ ಹಕ್ಕಿಲ್ಲ ಎಂದು ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಹೇಳಿತು. ಪುನರ್ಜನ್ಮದ ಬಗ್ಗೆ ಇಷ್ಟು ಸ್ಪಷ್ಟ ವ್ಯಾಖ್ಯಾನವನ್ನು ನ್ಯಾಯಾಧೀಶರಿಂದ ನಿರೀಕ್ಷಿಸಿರಲಿಲ್ಲ. ಡೌನ್‌ಲೋಡ್ ಗೇಮುಗಳನ್ನೇ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಎನ್ನುತ್ತದೆ ಅದರ ಒಪ್ಪಂದ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ತನ್ನ ಮಿತಾಕ್ಷರದಲ್ಲಿ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂದು ವಾದಿಸಿದ. ಎಂಟುನೂರು ವರ್ಷಕ್ಕೂ ಮಿಕ್ಕಿ ಕೋರ್ಟುಗಳನ್ನು ಸಾಕಿದ ಆ ವಾದ, ಓದದೆ ಒತ್ತುವ ಒಂದು ‘ಐ ಅಗ್ರೀ’ ಗುಂಡಿಯ ಮುಂದೆ ನಿಲ್ಲುವುದಿಲ್ಲ. ಅಪ್ಪ ಸತ್ತರೆ ನೂರಾರು ಗೇಮುಗಳಿಗಾಗಿ ಅಣ್ಣತಮ್ಮಂದಿರು ಹೊಡೆದಾಡುವ ಪ್ರಸಂಗವೇ ಇಲ್ಲ. ಹೊಡೆದಾಡಲು ಏನೂ ಉಳಿದಿರುವುದಿಲ್ಲ.

ಎರಡನೆಯ ಆಕ್ಷೇಪ ಪ್ರಾಕ್ತನಶಾಸ್ತ್ರದ ಕಡೆಯಿಂದ ಬರುತ್ತದೆ, ಇದನ್ನು ಹಗುರವಾಗಿ ತಳ್ಳುವಂತಿಲ್ಲ. ದೇಹವಿಲ್ಲದ್ದನ್ನು ಮುಂದಿನವರು ಅಗೆದು ತೆಗೆಯುವುದು ಹೇಗೆ? ಅಟಾರಿ ಕಂಪನಿ 1983ರಲ್ಲಿ ಮಾರಾಟವಾಗದ ಸರಕನ್ನು, ಅದರಲ್ಲೂ ಕುಖ್ಯಾತ ‘ಇ.ಟಿ.’ ಗೇಮನ್ನು, ನ್ಯೂ ಮೆಕ್ಸಿಕೊದ ಅಲಮೊಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿತು. 2014ರ ಏಪ್ರಿಲ್‌ನಲ್ಲಿ ನಿಜವಾದ ಪುರಾತತ್ತ್ವಜ್ಞರೇ ನಿಂತು ಉತ್ಖನನ ಮಾಡಿಸಿದಾಗ ಸುಮಾರು 1,300 ಕ್ಯಾಸೆಟ್ಟುಗಳು ಮೇಲೆ ಬಂದವು. ಒಂದು ಸ್ಮಿತ್ಸೋನಿಯನ್ ಸಂಗ್ರಹಾಲಯವನ್ನೂ ಸೇರಿತು. ಮೂವತ್ತು ವರ್ಷ ಕಸದಲ್ಲಿ ಕೊಳೆತ ಕೆಟ್ಟ ಗೇಮಿಗೆ ಇಷ್ಟು ಗೌರವ. ಅದೇ 2014ರ ಆಗಸ್ಟಿನಲ್ಲಿ ಡೌನ್‌ಲೋಡಾಗಿ ಮಾತ್ರ ಬಂದ, ಎಲ್ಲರೂ ಮೆಚ್ಚಿದ ‘ಪಿ.ಟಿ.’ ಎಂಬ ಭಯಾನಕ ಗೇಮನ್ನು ಕೊನಾಮಿ ಕಂಪನಿ 2015ರ ಏಪ್ರಿಲ್‌ನಲ್ಲಿ ಅಂಗಡಿಯಿಂದ ತೆಗೆಸಿತು. ಒಮ್ಮೆ ಇಳಿಸಿಕೊಂಡು ಅಳಿಸಿದ್ದವರಿಗೂ ಅದು ಮತ್ತೆ ಸಿಗಲಿಲ್ಲ. ಯಾರ ಯಂತ್ರದಲ್ಲಿ ಅದು ಅಳಿಯದೆ ಉಳಿದಿತ್ತೋ ಅಂಥವರು ಆ ಯಂತ್ರವನ್ನೇ ಹರಾಜಿಗಿಟ್ಟರು. 2023ರ ಮಾರ್ಚಿನಲ್ಲಿ ನಿಂಟೆಂಡೊ ತನ್ನ ವೀ ಯು ಮತ್ತು 3ಡಿಎಸ್ ಯಂತ್ರಗಳ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಗೇಮುಗಳಲ್ಲಿ ನೂರಕ್ಕೆ 87 ಇಂದು ಮಾರಾಟದಲ್ಲೇ ಇಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಅದೇ ವರ್ಷ ವರದಿ ಮಾಡಿತು.

ಇದಕ್ಕೆ ಸಮಾಧಾನ ಹೇಳುವಾಗ ನಾವು ಅನಿತ್ಯತೆಯ ಬೋಧೆ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಹಾಗೆ ಮಾಡದೆ ಆಕ್ಷೇಪಕರ ಕೈಯಲ್ಲಿರುವ ಡಿಸ್ಕನ್ನೇ ಪರೀಕ್ಷಿಸುತ್ತೇವೆ. ಯೂಬಿಸಾಫ್ಟ್ ಕಂಪನಿಯ ‘ದ ಕ್ರೂ’ ಎಂಬ ಕಾರು ಓಡಿಸುವ ಗೇಮ್ 2014ರಲ್ಲಿ ಡಿಸ್ಕಿನಲ್ಲೂ ಬಂತು. ಒಬ್ಬನೇ ಕೂತು ಆಡುವುದಕ್ಕೂ ಅದಕ್ಕೆ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ಡೌನ್‌ಲೋಡ್ ಮಾಡಿಕೊಂಡವನಿಗೂ, ಡಬ್ಬಿಯನ್ನು ಹತ್ತು ವರ್ಷ ಕಪಾಟಿನಲ್ಲಿ ಧೂಳು ಒರೆಸಿ ಇಟ್ಟುಕೊಂಡವನಿಗೂ ಅಂದು ಒಂದೇ ಗತಿ. ಅಲ್ಲಿಗೆ ಬಿಲ್ಲೆಯ ವಾದಿಗಳ ಬುಡವೇ ಅಲುಗಿತು. ಪ್ಲಾಸ್ಟಿಕ್ಕಿನಲ್ಲಿ ಯಾವ ಪುಣ್ಯವೂ ಇಲ್ಲ. ಹಳೆಯ ಕ್ಯಾಸೆಟ್ಟಿಗೆ ಇದ್ದ ಮಹಿಮೆಯೆಂದರೆ, ಅದು ಆಡುವ ಮುನ್ನ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಆ ಅಪ್ಪಣೆಯನ್ನು ಕಂಪನಿಗಳು ಡಿಸ್ಕಿನೊಳಕ್ಕೂ ತಂದಿಟ್ಟ ದಿನವೇ ಡಿಸ್ಕು ಸತ್ತಿತ್ತು, ಡೌನ್‌ಲೋಡ್ ಬಂದು ಉತ್ತರಕ್ರಿಯೆ ಮಾಡಿತು. ಇದನ್ನು ಒಪ್ಪಿದ ಮೇಲೆ ಆಕ್ಷೇಪಕರು ಅಳಬೇಕಾದದ್ದು ಡಬ್ಬಿಗಾಗಿ ಅಲ್ಲವೆಂದು ತಿಳಿಯುತ್ತದೆ. ಕೆಲವರಿಗೆ ತಿಳಿದೂ ಇದೆ. ಮಾರಿದ ಗೇಮನ್ನು ಆಡಲಾಗದಂತೆ ಕೆಡಿಸಿ ಹೋಗಬಾರದೆಂದು ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಮನವಿಗೆ ಸಹಿ ಹಾಕಿದ್ದಾರೆ. ಅಪರಿಗ್ರಹಕ್ಕೆ ಇಷ್ಟು ದೊಡ್ಡ ವಿರೋಧ ಹಿಂದೆ ಎದುರಾಗಿರಲಿಲ್ಲ.

ಬೆಲೆಯ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಬಿಲ್ಲೆ ಇಲ್ಲ, ಡಬ್ಬಿ ಇಲ್ಲ, ಲಾರಿ ಬಾಡಿಗೆ ಇಲ್ಲ, ಅಂಗಡಿಯವನ ಲಾಭ ಇಲ್ಲ. ಆದರೂ ಹೊಸ ದೊಡ್ಡ ಗೇಮಿನ ಬೆಲೆ 2020ರ ಸುಮಾರಿಗೆ 60 ಡಾಲರಿನಿಂದ 70ಕ್ಕೆ ಹೋಯಿತು. ದೇಹ ಬಿಟ್ಟ ಮೇಲೆ ತೂಕ ಹೆಚ್ಚಿದ್ದು ಹೇಗೆಂದು ಕೇಳುವವರು ಆತ್ಮದ ಮಹಿಮೆಯನ್ನು ಅರಿಯದವರು. ಇನ್ನೊಂದು ಪಕ್ಷದವರು ಆಕ್ಷೇಪಕರಲ್ಲ, ನಮಗಿಂತ ಉತ್ಸಾಹದ ಬೆಂಬಲಿಗರು: ಯಾರೂ ಕತ್ತು ಹಿಡಿದು ಡೌನ್‌ಲೋಡ್ ಮಾಡಿಸಿಲ್ಲ, ಮಧ್ಯರಾತ್ರಿ ಹನ್ನೆರಡಕ್ಕೆ ಮನೆಯಲ್ಲೇ ಸಿಗುತ್ತದೆ, ಸ್ಟೀಮಿನಲ್ಲಿ ಹಬ್ಬಹಬ್ಬಕ್ಕೂ ರಿಯಾಯಿತಿ ಇದೆ, ಡಿಸ್ಕು ಅಚ್ಚು ಹಾಕಿಸಲು ಬಂಡವಾಳವಿಲ್ಲದ ಚಿಕ್ಕ ತಂಡಗಳು ಇದರಿಂದಲೇ ಬದುಕಿವೆ ಎನ್ನುತ್ತಾರೆ. ಪೂರ್ತಿ ನಿಜ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ 2020ರಲ್ಲಿ ಲೋಕಕ್ಕೆ ಕಾಣಿಸಿಕೊಂಡದ್ದು ಡೌನ್‌ಲೋಡ್ ರೂಪದಲ್ಲೇ. ಆದರೆ ಇವರ ವಾದದಿಂದ ಸಿದ್ಧವಾಗುವುದು ಡೌನ್‌ಲೋಡ್ ಒಳ್ಳೆಯದೆಂಬುದಷ್ಟೇ. ಕೊಂಡದ್ದನ್ನು ಮರಳಿ ಕಿತ್ತುಕೊಳ್ಳುವುದು ಅದರ ಅವಿಭಾಜ್ಯ ಅಂಗವೆಂದು ಸಿದ್ಧವಾಗುವುದಿಲ್ಲ. ಬೆಂಬಲಿಗರ ಕಡೆಯಿಂದ ಬರುವ ಅಪಾಯ ಇಂಥದು, ಆದ್ದರಿಂದ ಈ ಪಕ್ಷವನ್ನು ಇಲ್ಲಿಗೇ ನಿಲ್ಲಿಸುತ್ತೇವೆ.

ಸಾಧನೆಯ ಹಾದಿಯಲ್ಲಿ ಕೊನೆಗೆ ಎರಡು ವಿಘ್ನಗಳನ್ನು ದಾಖಲಿಸಬೇಕು. ಕ್ಯಾಲಿಫೋರ್ನಿಯಾ ಸರ್ಕಾರ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನಲ್ಲಿ, ಡಿಜಿಟಲ್ ಸರಕು ಮಾರುವವರು ತಾವು ಕೊಡುತ್ತಿರುವುದು ಲೈಸೆನ್ಸ್ ಮಾತ್ರ ಎಂದು ಗಿರಾಕಿಗೆ ಬಾಯಿಬಿಟ್ಟು ಹೇಳಬೇಕೆಂದು ವಿಧಿಸಿತು. ಗುರು ಕಿವಿಯಲ್ಲಿ ಗುಟ್ಟಾಗಿ ಹೇಳಬೇಕಾದ ಮಂತ್ರವನ್ನು ಹೀಗೆ ಬೋರ್ಡು ಬರೆಸಿ ಹಾಕಿಸುವುದು ಸಂಪ್ರದಾಯಕ್ಕೆ ವಿರುದ್ಧ. ಎರಡನೆಯದು ನಮ್ಮ ಹತ್ತಿರದ ಸಂಗತಿ. 2024ರ ನವೆಂಬರಿನಲ್ಲಿ ಸೋನಿ ಬಿಟ್ಟ ಪ್ಲೇಸ್ಟೇಷನ್ 5 ಪ್ರೊ ಆಗ 700 ಡಾಲರಿನ ಯಂತ್ರವಾಗಿತ್ತು. ಅದಕ್ಕೆ ಹುಟ್ಟಿನಿಂದ ಡಿಸ್ಕಿನ ಬಾಯಿಲ್ಲ, ಬೇಕಾದವರು 80 ಡಾಲರು ಕೊಟ್ಟು ಡಿಸ್ಕ್ ಡ್ರೈವನ್ನು ಬೇರೆಯಾಗಿ ಕೊಂಡು ಸಿಕ್ಕಿಸಿಕೊಳ್ಳಬೇಕು, ಸಿಕ್ಕಿಸಿದ ಮೇಲೆ ಅದನ್ನು ಯಂತ್ರಕ್ಕೆ ಪರಿಚಯಿಸಲು ಒಮ್ಮೆ ಇಂಟರ್‌ನೆಟ್ ಬೇಕೇ ಬೇಕು. ಸುದ್ದಿ ಹೊರಬಿದ್ದದ್ದೇ ತಡ ಹಲವು ಅಂಗಡಿಗಳಲ್ಲಿ ಆ ಡ್ರೈವ್‌ಗಳು ಖಾಲಿಯಾದವು. ಮೋಕ್ಷದ ತವರೆನಿಸಿಕೊಂಡ ಭಾರತದಲ್ಲಿ ಮಾತ್ರ ಯಂತ್ರ ಆಗ ಬಿಡುಗಡೆಯೇ ಆಗಲಿಲ್ಲ. ವೈಫೈ 7ಕ್ಕೆ ಬೇಕಾದ 6 ಗಿಗಾಹರ್ಟ್ಸ್ ತರಂಗಾಂತರಕ್ಕೆ ಇಲ್ಲಿನ ಸರ್ಕಾರ ಇನ್ನೂ ಅನುಮತಿ ಕೊಟ್ಟಿಲ್ಲವೆಂದು ಕಂಪನಿ ಕಾರಣ ಹೇಳಿತು.