ಅಪ್ಪಣೆ ನಂದು, ಹಾನಿ ನಂದಲ್ರಿ!

ಕಟ್ಟಡ ಕೆಲಸಕ್ಕೆಂದು ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಪುಣೆ ಜಿಲ್ಲೆಯ ಸಾಸವಡಕ್ಕೆ ಬಂದು ನೆಲೆಸಿದ ಗೌಂಡಿಯೊಬ್ಬರು. ಅವರ ಕೆಳದವಡೆಯ ವಸಡಿನಲ್ಲಿ ಠಿಕಾಣಿ ಹೂಡಿರುವ ಸಂದೇಶವಾಹಕ ಪ್ರೊಟೀನ್ ಶ್ರೀಮಾನ್ ಇಂಟರ್‌ಲ್ಯೂಕಿನ್-1 ಬೀಟಾ ಅವರ ಕಾಲ್ಪನಿಕ ಸಂದರ್ಶನವಿದು. ಯಜಮಾನರ ಸಹವಾಸದಿಂದ ಅವರ ಮಾತೂ ಇಂಡಿಯದೇ.

ಪ್ರ: ತಮ್ಮ ಉದ್ಯೋಗ?

ಉ: ಡಂಗುರ ಸಾರೋದ್ರಿ. ಹಲ್ಲಿನ ಬುಡದ ಪಾಚಿಯೊಳಗ ಬ್ಯಾಕ್ಟೀರಿಯಾ ಗುಂಪು ಕಟ್ಟಿದ್ರ ರಕ್ಷಣಾ ಕೋಶಗಳು ನನ್ನ ಹೊರಗ ಬಿಡತಾವ. ನಾ ಸುದ್ದಿ ಮುಟ್ಟಸತೀನಿ. ಅಷ್ಟ.

ಪ್ರ: ಯಜಮಾನರ ಹಲ್ಲು ಅಲುಗಾಡುತ್ತಿವೆಯಲ್ಲ?

ಉ: ನಾ ಹಲ್ಲು ಮುಟ್ಟೇ ಇಲ್ರಿ! ವಸಡಿನ ಫೈಬ್ರೊಬ್ಲಾಸ್ಟ್ ಕೋಶಗಳನ್ನ ಕೇಳ್ರಿ. ಹಲ್ಲು ಹಿಡಿದಿಡೋ ಕೊಲ್ಯಾಜನ್ ಎಳಿ ಕಟ್ಟೋದೂ ಅವೇ, ಹಳೀದು ಬಿಚ್ಚೋದೂ ಅವೇ. ನನ್ನ ಸುದ್ದಿ ಮುಟ್ಟಿದ್ರ ಬಿಚ್ಚೋ ಕೆಲಸ ಮುಂದಾಗತೈತಿ. ಕೊಲ್ಯಾಜನ್ ಕತ್ತರಿಸೋ ಎಂಎಂಪಿ ಕಿಣ್ವ, ಪ್ರೊಸ್ಟಗ್ಲಾಂಡಿನ್ ಇ2, ಇಂಟರ್‌ಲ್ಯೂಕಿನ್-6, 8 ಎಲ್ಲಾ ಅವೇ ಹೊರಗ ಬಿಡತಾವ. ಆ 8 ಬಿಳಿರಕ್ತಕಣಗಳನ್ನ ಕರಸತೈತಿ. ಬಂದವರು ವೈರಿ ಜೋಡಿ ನಮ್ಮ ಮಂದೀನೂ ಬಡೀತಾರ.

ಪ್ರ: ಮೂಳೆ ಸವೆದದ್ದು?

ಉ: ಅದು ರ‍್ಯಾಂಕ್‌ಎಲ್ ಖಾತೆ. ಮೂಳೆ ಕರಗಿಸೋ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನ ಎಬ್ಬಿಸೋದು ಅದೇ. ನಾನೂ ಗೆಳೆಯ ಟಿಎನ್‌ಎಫ್ ಆಲ್ಫಾನೂ ಬರೇ ಶಿಫಾರಸು ಮಾಡೀವಿ.

ಪ್ರ: ನಿಮ್ಮನ್ನು ತಡೆಯುವವರು ಯಾರೂ ಇಲ್ಲವೇ?

ಉ: ಅದಾರ. ಇಂಟರ್‌ಲ್ಯೂಕಿನ್-10 ನಮ್ಮನ್ನ ಸುಮ್ಮನಾಗಸತೈತಿ. ಆಸ್ಟಿಯೋಪ್ರೊಟೆಜೆರಿನ್ ರ‍್ಯಾಂಕ್‌ಎಲ್ ಕೈ ಕಟ್ಟತೈತಿ. ಆದ್ರ ಪಾಚಿ ವರ್ಷಗಟ್ಟಲೆ ಹಂಗೇ ಕುಂತ್ರ ಅವರ ಮಾತು ಯಾರು ಕೇಳತಾರ?

ಪ್ರ: ಯಜಮಾನರಿಗೆ ಗೊತ್ತೇ ಆಗಲಿಲ್ಲವೇ?

ಉ: ನಮ್ಮ ಕೆಲಸ ಬಹಳ ಸಲ ನೋವಿಲ್ಲದ್ದು. ತಿಕ್ಕುವಾಗ ರಕ್ತ ಬಂತು. 'ವಸಡು ನಾಜೂಕ ಐತಿ' ಅಂತ ತಿಕ್ಕೋದೇ ಬಿಟ್ರು! ಮನಿಯವರದು ಬ್ಯಾರೆ ಕತಿ. ತಂಬಾಕು ಹುರಿದು ಪುಡಿ ಮಾಡಿದ ಮಿಸ್ರಿ ಹಚ್ಚತಾರ, ಅದನ್ನೇ ಹಲ್ಲಿನ ಔಷಧ ಅಂತಾರ. ಅದು ಚಟ ಹತ್ತಸತೈತಿ, ಬಾಯಿ ಕ್ಯಾನ್ಸರ್ ತರತೈತಿ. ಯಜಮಾನರ ಬೀಡಿಯಂತೂ ರಕ್ತ ಬರೋದನ್ನೇ ಕಮ್ಮಿ ಮಾಡಿ ನಮ್ಮನ್ನ ಮುಚ್ಚಿಡತೈತಿ.

ಪ್ರ: ಸಕ್ಕರೆ ಕಾಯಿಲೆಯೂ ಇದೆಯಂತೆ?

ಉ: ಸಕ್ಕರಿ ಏರಿದ್ರ ನಮ್ಮ ಗದ್ದಲ ಹೆಚ್ಚು. ನಮ್ಮ ಗದ್ದಲ ಹೆಚ್ಚಾದ್ರ ಸಕ್ಕರಿ ಹತೋಟಿಗೆ ಬರೋದು ಕಷ್ಟ. ಇಬ್ಬರದೂ ಹಳೇ ದೋಸ್ತಿ.

ಪ್ರ: ತಾವು ನಿವೃತ್ತರಾಗುವುದು ಯಾವಾಗ?

ಉ: ಸುರುವಿನಾಗ ಆದ್ರ ಸಸಾರ. ಡೆನ್ಮಾರ್ಕಿನ ಆರ್ಹುಸ್‌ನಾಗ ಹರಾಲ್ಡ್ ಲೋ ಅನ್ನೋರು 12 ಮಂದಿಗೆ ಹಲ್ಲು ತಿಕ್ಕೋದು ಬಿಡಿಸಿ ನೋಡಿದ್ರು. ಎರಡು-ಮೂರು ವಾರದಾಗ ಎಲ್ಲಾರ ವಸಡೂ ಉರಿಯೂತಕ್ಕ ಬಿತ್ತು. ಮತ್ತ ತಿಕ್ಕಿದ ಮ್ಯಾಲ ಸುಮಾರು ವಾರದಾಗ ಇಳೀತು. 1965ರಾಗ ಅದನ್ನ ಪ್ರಕಟಿಸಿದ್ರು. ಆದ್ರ ಕರಗಿದ ಮೂಳೆ ಹಂಗ ತಿರುಗಿ ಬರಂಗಿಲ್ಲ.

ಪ್ರ: ಯಜಮಾನರು ದಂತವೈದ್ಯರ ಹತ್ತಿರ ಹೋಗಬಾರದೇ?

ಉ: 'ಕ್ಲೀನ್ ಮಾಡಿಸಿದ್ರ ಹಲ್ಲು ಸಡಿಲಾಗತಾವ' ಅಂತಾರ. ಮೂಳೆ ಕರಗಿಸಿದ್ದು ನಾವು, ಕೆಟ್ಟ ಹೆಸರು ಡಾಕ್ಟರಿಗೆ! ಇಂಥಾ ಯಜಮಾನರು ಇರೋತನಕ ನಮಗ ನಿವೃತ್ತಿ ಇಲ್ರಿ.

ಓದುಗರೇ, ಇವರ ಮೇಲೆ ದೂರು ಕೊಟ್ಟು ಪ್ರಯೋಜನವಿಲ್ಲ. ಇವರನ್ನು ಕರೆಸಿದ್ದು ಪಾಚಿ, ಅದನ್ನು ಉಳಿಸಿಕೊಂಡದ್ದು ನಾವು. ವಸಡಿನಿಂದ ರಕ್ತ ಬಂದರೆ ಬ್ರಷ್ ಬಿಡಬೇಡಿ, ತಂಬಾಕು ಬಿಡಿ. ಗಟ್ಟಿಯಾದ ಪಾಚಿ ಬ್ರಷ್‌ಗೆ ಬಗ್ಗುವುದಿಲ್ಲ, ಅದನ್ನು ದಂತವೈದ್ಯರಿಂದ ತೆಗೆಸಿ.