ಕುಲಾವಿ ಮೀಮಾಂಸೆ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದೆಂಬ ಗಾದೆಯನ್ನು ಕನ್ನಡ ನಾಡು ಒಮ್ಮತದಿಂದ ಒಪ್ಪಿಕೊಂಡಿದೆಯಾದರೂ, ಆ ಕುಲಾವಿಯ ಅಳತೆ ಎಷ್ಟು, ಹೊಲಿಸುವ ಖರ್ಚು ಯಾರದು, ಹೊಲಿಸಿದ ಮೇಲೆ ಅದನ್ನಿಡಲು ಮನೆಯಲ್ಲಿ ಕಪಾಟು ಇದೆಯೋ ಇಲ್ಲವೋ ಎಂಬ ಮೂಲಭೂತ ಪ್ರಶ್ನೆಗಳನ್ನು ಗಾದೆಯ ಕರ್ತೃಗಳು ಕೈಬಿಟ್ಟಿರುವುದರಿಂದ ಶಾಸ್ತ್ರದಲ್ಲಿ ದೊಡ್ಡದೊಂದು ಕಂದಕ ಉಳಿದುಕೊಂಡಿದೆ. ಕುಲಾವಿ ಎಂದರೆ ಕೂಸಿನ ನೆತ್ತಿ, ಕಿವಿ ಮುಚ್ಚುವಂತೆ ಹೊಲಿದು ಗದ್ದದ ಕೆಳಗೆ ಲಾಡಿ ಕಟ್ಟುವ ಟೊಪ್ಪಿಗೆ. ಪ್ರಸ್ತುತ ಪ್ರಬಂಧವು ಆ ಪದದ ಅರ್ಥವನ್ನು ವಿಸ್ತರಿಸಿ, ಕೂಸು ಬರುವ ಮುನ್ನ ಕೂಸಿನ ಹೆಸರಿನಲ್ಲಿ ನಡೆಯುವ ಸಮಸ್ತ ವ್ಯವಹಾರವನ್ನೂ, ಅಂದರೆ ಮನೆ ಬದಲಿಸುವುದು, ಗೋಡೆಗೆ ಬಣ್ಣ ಬಳಿಸುವುದು, ಚಾವಣಿಗೆ ರೇಡಿಯಂ ನಕ್ಷತ್ರ ಅಂಟಿಸುವುದು ಮೊದಲಾದವನ್ನೆಲ್ಲ, ಕುಲಾವಿ ಎಂದೇ ಕರೆಯುತ್ತದೆ.

ಅಧ್ಯಯನದ ಕ್ಷೇತ್ರವಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳನ್ನು ಆರಿಸಿರುವುದು ಆಕಸ್ಮಿಕವಲ್ಲ. ಈ ನಾಲ್ಕೂ 1998ರಲ್ಲಿ ರಾಯಚೂರು ಜಿಲ್ಲೆಯ ಕೂಡುಕುಟುಂಬದಿಂದ ಹೊರಬಿದ್ದು ಕೊಪ್ಪಳ ಜಿಲ್ಲೆಯೆಂಬ ಬೇರೆ ಸಂಸಾರ ಹೂಡಿದ ತಾಲ್ಲೂಕುಗಳು. ಮುಂದೆ ಗಂಗಾವತಿಯು ಕನಕಗಿರಿ, ಕಾರಟಗಿಗಳೆಂಬ ಅವಳಿಗಳನ್ನೂ ಯಲಬುರ್ಗಾವು ಕುಕನೂರೆಂಬ ಒಂಟಿ ಕೂಸನ್ನೂ ಹಡೆದು ಅವುಗಳನ್ನೂ ಬೇರೆ ಇಟ್ಟವು. ಬೇರೆ ಮನೆ ಮಾಡುವುದರಲ್ಲೂ ಹಡೆಯುವುದರಲ್ಲೂ ಸರ್ಕಾರಿ ಗೆಜೆಟ್ಟಿನ ದಾಖಲೆಯುಳ್ಳ ಇಂಥ ಪ್ರದೇಶ ಸಂಶೋಧಕರಿಗೆ ಸುಲಭವಾಗಿ ಸಿಗುವುದಿಲ್ಲ. ಜಿಲ್ಲಾ ಕೇಂದ್ರವಾದ ಮೇಲೆ ಕೊಪ್ಪಳಕ್ಕೆ ಕಚೇರಿಗಳು ಬಂದವು, 2015ರಲ್ಲಿ ವೈದ್ಯಕೀಯ ಕಾಲೇಜು ಬಂತು, ಸಂವಿಧಾನದ 371(ಜೆ) ವಿಧಿಯ ಬಲದಿಂದ ಹಳ್ಳಿಯ ಹುಡುಗರಿಗೆ ನೌಕರಿ ಬಂತು, ನೌಕರಿಯ ಬೆನ್ನಿಗೆ ಕನ್ಯೆ ಬಂದಳು, ಕನ್ಯೆಯ ಬೆನ್ನಿಗೆ ‘ಎರಡು ಬೆಡ್‌ರೂಮಿನ ಮನೆ ನೋಡಿ’ ಎಂಬ ಮಾತು ಬಂತು.

ಅಪಾರ್ಟ್‌ಮೆಂಟ್ ಎಂಬ ಪದಕ್ಕೆ ಇಲ್ಲಿ ಬೆಂಗಳೂರಿನ ಅರ್ಥವನ್ನು ಹಚ್ಚತಕ್ಕದ್ದಲ್ಲ. ಕೆಳಗೆ ಮಾಲೀಕರ ಸಂಸಾರ, ಮೇಲೆ ಎರಡೋ ನಾಲ್ಕೋ ಬಾಡಿಗೆ ಸಂಸಾರ, ಮಾಳಿಗೆಯ ಮೇಲೆ ಕರಿಯ ಸಿಂಟೆಕ್ಸ್ ಟಾಕಿಗಳು, ಮುಂಗೋಡೆಗೆ ಕುಷ್ಟಗಿ–ಇಳಕಲ್ಲ ಸೀಮೆಯ ಕೆಂಪು ಗ್ರಾನೈಟಿನಲ್ಲಿ ಕೊರೆಸಿದ ಯಾವುದಾದರೊಂದು ದೇವರ ಕೃಪೆ. ಇಷ್ಟಿದ್ದರೆ ಅದು ಅಪಾರ್ಟ್‌ಮೆಂಟ್. ಲಿಫ್ಟು ಇರಬೇಕಾಗಿಲ್ಲ. ಬಸುರಿ ಮೆಟ್ಟಿಲು ಹತ್ತಬಹುದೇ ಎಂಬ ಆಕ್ಷೇಪವನ್ನು ಯಾರಾದರೂ ಎತ್ತಿದರೆ, ಆನೆಗೊಂದಿಯ ಹತ್ತಿರದ ಅಂಜನಾದ್ರಿಯನ್ನು ಉದಾಹರಿಸುವ ಪದ್ಧತಿ ಇದೆ: ಅಂಜನಾದೇವಿ ಹನುಮಂತನನ್ನು ಹಡೆದಳೆಂದು ಭಕ್ತರು ನಂಬುವ ಆ ಬೆಟ್ಟಕ್ಕೆ 575 ಮೆಟ್ಟಿಲುಗಳಿದ್ದು, ಬಾಡಿಗೆ ಮನೆಯ ಮೆಟ್ಟಿಲುಗಳು ಹೆಚ್ಚೆಂದರೆ 36. ಆದರೆ ಹನುಮಂತ ಹುಟ್ಟುವ ಕಾಲಕ್ಕೆ ಮೆಟ್ಟಿಲುಗಳನ್ನು ಕಟ್ಟಿರಲಿಲ್ಲವೆಂಬುದನ್ನೂ, ಕೂಸು ಹುಟ್ಟಿದ ಕೂಡಲೇ ಹಾರಿಹೋಗುವ ಜಾತಿಯದಾದ್ದರಿಂದ ಅಂಜನಾದೇವಿಗೆ ತೊಟ್ಟಿಲಿನ ಚಿಂತೆ ಅಷ್ಟಾಗಿ ಇರಲಾರದೆಂಬುದನ್ನೂ ಈ ವಾದಿಗಳು ಮರೆಯುತ್ತಾರೆ.

ಈ ವಸತಿ ಪ್ರಕಾರದ ಪ್ರಾಚೀನತೆಯ ಬಗ್ಗೆ ಸಂಶಯ ಬೇಡ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲ ಗುಡ್ಡದ ಮೇಲೆ ಶಿಲಾಯುಗದ ಕೊನೆ, ಕಬ್ಬಿಣ ಯುಗದ ಮೊದಲು ಎಂದು ಸಾಮಾನ್ಯವಾಗಿ ಹೇಳಲಾಗುವ ಕಾಲದ ಸುಮಾರು 400 ಕಲ್ಲಿನ ರಚನೆಗಳಿದ್ದು, 2021ರಲ್ಲಿ ಅವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನೂ ಸೇರಿವೆ. ನಿಲ್ಲಿಸಿದ ಚಪ್ಪಡಿಗಳು ಗೋಡೆ, ಮೇಲೆ ಹೊದಿಸಿದ ಚಪ್ಪಡಿ ಚಾವಣಿ, ಒಂದು ಗೋಡೆಯಲ್ಲಿ ದುಂಡನೆಯ ರಂಧ್ರ. ಪುರಾತತ್ವಜ್ಞರು ಇವನ್ನು ಸತ್ತವರ ಸ್ಮಾರಕಗಳೆನ್ನುತ್ತಾರೆ. ಸುತ್ತಲಿನ ಜನ ‘ಮೋರೇರ ಮನೆಗಳು’ ಎನ್ನುತ್ತಾರೆ. ಪ್ರಸ್ತುತ ಪ್ರಬಂಧ ಜನರ ಪಕ್ಷದಲ್ಲಿದೆ. ಒಂದರ ಪಕ್ಕಕ್ಕೊಂದು ಅಂಟಿಕೊಂಡ ಮನೆಗಳು, ಗಾಳಿಗೆ ಒಂದೇ ಕಿಂಡಿ, ಕಪಾಟಿಲ್ಲದ ಬೋಳು ಗೋಡೆ, ಮೊಳೆ ಹೊಡೆಯಲಾಗದ ಕಾಠಿಣ್ಯ, ಇವೆಲ್ಲ ಬಾಡಿಗೆಗೆ ಕೊಡಲೆಂದೇ ಕಟ್ಟಿದ ಕಟ್ಟಡದ ಲಕ್ಷಣಗಳಾಗಿದ್ದು, ಅಲ್ಲೇ ಇರುವ, ಬಡಿದರೆ ನಗಾರಿಯಂತೆ ಮೊಳಗುವ ಅರ್ಧಗೋಳಾಕಾರದ ಬಂಡೆಯು ಇಡೀ ಸಮುಚ್ಚಯದ ಕಾಲಿಂಗ್ ಬೆಲ್ ಆಗಿದ್ದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ.

ಮನೆ ಬದಲಿಸುವ ಕಾಲದ ವಿಷಯದಲ್ಲಿ ಪ್ರಮಾಣಗಳ ನಡುವೆ ತೀವ್ರ ವಿರೋಧವಿದೆ. ಭಾರತೀಯ ತರ್ಕಶಾಸ್ತ್ರವು ಪ್ರತ್ಯಕ್ಷ, ಅನುಮಾನ, ಶಬ್ದ ಮೊದಲಾದವನ್ನು ಪ್ರಮಾಣಗಳೆಂದರೆ, ಈ ಸೀಮೆಯಲ್ಲಿ ಇವೆಲ್ಲಕ್ಕೂ ಮೇಲಿನದಾಗಿ ಅವ್ವಪ್ರಮಾಣವೆಂಬುದು ಚಾಲ್ತಿಯಲ್ಲಿದೆ. ಅವ್ವಪ್ರಮಾಣವೆಂದರೆ ಕಾರಣ ಕೊಡದೆ, ಸಾಮಾನ್ಯವಾಗಿ ಫೋನಿನಲ್ಲಿ, ಎತ್ತರದ ದನಿಯಲ್ಲಿ ಹೊರಡುವ ವಾಕ್ಯ. ‘ಹೊಟ್ಟ್ಯಾಗ ಕೂಸು ಇಟಗೊಂಡು ಯಾರರ ಮನಿ ಬದ್ಲಿ ಮಾಡ್ತಾರೇನು, ಬುದ್ಧಿ ಐತೋ ಇಲ್ಲೋ ನಿಮಗ’ ಎಂಬುದು ಅದರ ಮಾದರಿ ರೂಪ. ಮನೆಯಲ್ಲಿ ಬಸುರಿ ಇದ್ದಾಗ ಬುನಾದಿ ತೋಡಬಾರದು, ಗೃಹಪ್ರವೇಶ ಮಾಡಬಾರದು, ಗೋಡೆಗೆ ಮೊಳೆ ಹೊಡೆಯಬಾರದು ಎಂಬ ನಿಷೇಧಗಳು ಇದೇ ಗುಂಪಿಗೆ ಸೇರಿದವು. ಇವುಗಳಲ್ಲಿ ಮೊಳೆಯ ನಿಷೇಧವನ್ನು ಮಾತ್ರ ಮನೆ ಮಾಲೀಕರೂ ಸ್ವತಂತ್ರವಾಗಿ, ಬಸುರಿ ಇರಲಿ ಇಲ್ಲದಿರಲಿ, ವರ್ಷದ ಹನ್ನೆರಡೂ ತಿಂಗಳು ಪ್ರತಿಪಾದಿಸುವುದರಿಂದ ಅದು ಶ್ರುತಿ, ಸ್ಮೃತಿ ಎರಡಕ್ಕೂ ಸಮ್ಮತವಾದದ್ದೆಂದು ತಿಳಿಯಬೇಕು. ನಿಷೇಧವಿದ್ದರೂ ಮನೆಗಳು ಬದಲಾಗುತ್ತವೆ. ಬಾಡಿಗೆ ಮನೆ ಹೊಕ್ಕರೆ ಅದು ಗೃಹಪ್ರವೇಶವಲ್ಲ, ಬರೀ ಸಾಮಾನು ಇಳಿಸುವುದು ಎಂಬ ಪರಿಹಾರವನ್ನು ಪಂಡಿತರು ಕಂಡುಕೊಂಡಿದ್ದಾರೆ. ಮೊದಲು ದೇವರ ಫೋಟೋ, ತುಂಬಿದ ಕೊಡ, ಆಮೇಲೆ ಹಾಲು ಉಕ್ಕಿಸುವುದು, ಆಮೇಲೆ ಟಂಟಂನಿಂದ ಫ್ರಿಜ್ಜು.

ಕರಾರಿನ ಅವಧಿ 11 ತಿಂಗಳು. 1908ರ ನೋಂದಣಿ ಕಾಯ್ದೆಯ ಪ್ರಕಾರ ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಗೆ ನೋಂದಣಿ ಕಡ್ಡಾಯವಲ್ಲವಾದ್ದರಿಂದ ಹುಟ್ಟಿಕೊಂಡ ಈ ಅಂಕೆಯು ಮನುಷ್ಯರ ಗರ್ಭಾವಧಿಗಿಂತ 2 ತಿಂಗಳು ಹೆಚ್ಚಾಗಿರುವುದನ್ನು ಓದುಗರು ಈಗಲೇ ಗುರುತು ಹಾಕಿಕೊಳ್ಳುವುದು ಒಳಿತು. ಆ 2 ತಿಂಗಳು ಮುಂದೆ ಬೇಕಾಗುತ್ತವೆ.

ಇನ್ನು ಅಲಂಕಾರ ಪ್ರಕರಣ. ಮನೆ ಸಿಂಗರಿಸುವ ಗಂಡನ ನಡವಳಿಕೆಯನ್ನು ಅರಿಯಲು ಗೀಜಗನ ಹಕ್ಕಿಯನ್ನು ನೋಡಿದರೆ ಸಾಕು. ಕಾಲುವೆ ದಂಡೆಯ ಜಾಲಿಯಲ್ಲಿ ಗಂಡು ಗೀಜಗ ಹುಲ್ಲಿನೆಳೆಗಳಿಂದ ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷಿಸುತ್ತದೆ, ಒಪ್ಪಿದರೆ ಉಳಿದರ್ಧ ಮುಗಿಯುತ್ತದೆ, ಒಪ್ಪದಿದ್ದರೆ ಗಂಡು ಬೇರೊಂದು ಗೂಡಿಗೆ ಕೈಹಾಕುತ್ತದೆ. ಕೊಪ್ಪಳದ ಭಾವಿ ತಂದೆಗೂ ಗೀಜಗನಿಗೂ ಇರುವ ವ್ಯತ್ಯಾಸವೆಂದರೆ, ಹಕ್ಕಿ ಪರೀಕ್ಷೆಗೆ ಮುನ್ನ ಅಡ್ವಾನ್ಸ್ ಕೊಟ್ಟಿರುವುದಿಲ್ಲ.

ಗೋಡೆಯ ಬಣ್ಣದಲ್ಲಿ ಕಾನೂನಿನ ಪಾತ್ರವಿದೆ. ಹುಡುಗಿಗೆ ಗುಲಾಬಿ, ಹುಡುಗನಿಗೆ ನೀಲಿ ಎಂಬ ಅಮೆರಿಕದ ಸಂಪ್ರದಾಯ (ನೂರು ವರ್ಷಗಳ ಹಿಂದೆ ಅಲ್ಲಿಯ ಕೆಲವು ಪತ್ರಿಕೆಗಳು ಇದನ್ನು ತಿರುವುಮುರುವಾಗಿಯೇ ಬೋಧಿಸುತ್ತಿದ್ದವು) ಮೊಬೈಲಿನ ಮೂಲಕ ಯಲಬುರ್ಗಾದವರೆಗೂ ತಲುಪಿದೆಯಾದರೂ, ಹುಟ್ಟುವ ಮುನ್ನ ಹೆಣ್ಣೋ ಗಂಡೋ ಎಂದು ತಿಳಿಯುವುದನ್ನು 1994ರ ಕಾಯ್ದೆ ನಿಷೇಧಿಸಿರುವುದರಿಂದ ಪೇಂಟರನು ತಿಳಿಹಸಿರು ಮತ್ತು ಕೆನೆಹಳದಿಗಳ ನಡುವೆ ಮಾತ್ರ ಓಡಾಡಬೇಕಾಗುತ್ತದೆ. ಸಂಸತ್ತು ಮಾಡಿದ ಕಾಯ್ದೆಯೊಂದು ಮಲಗುವ ಕೋಣೆಯ ಬಣ್ಣವನ್ನು ನಿರ್ಧರಿಸಿದ ಬೇರೆ ನಿದರ್ಶನ ಅಪರೂಪ. ಬಣ್ಣದ ಮೇಲೆ ಪಟ ಬರುತ್ತದೆ: ಬೆಣ್ಣೆ ಮೆತ್ತಿಕೊಂಡ ಬಾಲಕೃಷ್ಣ ಒಂದು ಗೋಡೆಗೆ, ನೀಲಿ ಕಣ್ಣಿನ ದುಂಡನೆಯ ಪರದೇಶಿ ಕೂಸು ಎದುರಿನ ಗೋಡೆಗೆ. ಬಸುರಿ ದಿನಾ ನೋಡಿದ್ದನ್ನೇ ಕೂಸು ಹೋಲುತ್ತದೆಂಬ ಸಿದ್ಧಾಂತವೇ ಇದಕ್ಕೆ ಆಧಾರ. ಸಿದ್ಧಾಂತ ನಿಜವಾಗಿದ್ದರೆ ಇಷ್ಟು ಹೊತ್ತಿಗೆ ಕುಷ್ಟಗಿಯ ಶಾಲೆಗಳ ತುಂಬ ನೀಲಿ ಕಣ್ಣುಗಳಿರಬೇಕಾಗಿತ್ತು. ಗೋಡೆ ಗೀಚುವ ಭಯದಿಂದ ಮಾಲೀಕರು ಕೂಸಿನ ಸುದ್ದಿ ಕೇಳಿ ಮುಖ ಸಣ್ಣದು ಮಾಡುವುದೂ ಉಂಟು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕ ಬಂಡೆಯ ಮೇಲೆ ಬರೆಸಿದ್ದು 2,200 ವರ್ಷಗಳಾದರೂ ಅಳಿಸಿಲ್ಲವೆಂಬುದು ಊರಿಗೆಲ್ಲ ಗೊತ್ತಿರುವುದರಿಂದ ಅವರ ಭಯ ನಿರಾಧಾರವೆನ್ನಲಾಗದು.

ಕುಷ್ಟಗಿ, ಯಲಬುರ್ಗಾ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಆದ್ದರಿಂದ ಅಲಂಕಾರದ ಪಟ್ಟಿಯಲ್ಲಿ ಶುದ್ಧ ನೀರಿನ 20 ಲೀಟರಿನ ಕ್ಯಾನನ್ನು ಸೇರಿಸಿಕೊಳ್ಳಬೇಕು, ಅದು ಅಂದವಾಗಿಲ್ಲದಿದ್ದರೂ.

ಇಷ್ಟೆಲ್ಲ ಮುಗಿದ ಮೇಲೆ ಎದುರಾಗುವುದೇ ಈ ಶಾಸ್ತ್ರದ ಹೃದಯವೆನ್ನಬಹುದಾದ ಕೊಂಡಿಯ ಸಮಸ್ಯೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮೇಲ್ಮುದ್ದೆ ಇರುತ್ತಿದ್ದು, ಪಡಸಾಲೆಯ ಯಾವ ಮೂಲೆಯಲ್ಲಾದರೂ ತೊಲೆಗೆ ಹಗ್ಗ ಎಸೆದರೆ ತೊಟ್ಟಿಲು ತೂಗುತ್ತಿತ್ತು; ಮನೆ ಕಟ್ಟಿದವರು ಕೂಸಿನ ಬಗ್ಗೆ ಯೋಚಿಸಿರಬೇಕಾದ ಅಗತ್ಯವೇ ಇರಲಿಲ್ಲ, ಏಕೆಂದರೆ ಮನೆಯೇ ಯೋಚಿಸಿತ್ತು. ಆರ್‌ಸಿಸಿ ಸ್ಲ್ಯಾಬಿನ ಮನೆಯಲ್ಲಿ ಕಾಂಕ್ರೀಟು ಸುರಿಯುವ ದಿನ ಯಾವ ಕೊಂಡಿ ಒಳಗೆ ಕೂತಿತೋ ಅದೇ ಕೊಂಡಿ. ಕೋಣೆಗೊಂದು ಫ್ಯಾನಿನ ಕೊಂಡಿ ಬಿಟ್ಟರೆ ಚಾವಣಿ ನುಣ್ಣಗೆ. ಡ್ರಿಲ್ ಹೊಡೆಯಲು ಮಾಲೀಕರ ಅನುಮತಿ ಇಲ್ಲ. ಹೀಗಾಗಿ ಏಪ್ರಿಲ್ ತಿಂಗಳ 40 ಡಿಗ್ರಿಯಲ್ಲಿ ಕುಟುಂಬವು ಫ್ಯಾನು ಇಳಿಸಿ ತೊಟ್ಟಿಲು ಕಟ್ಟುವುದೋ, ತೊಟ್ಟಿಲು ಬಿಟ್ಟು ಫ್ಯಾನು ಉಳಿಸಿಕೊಳ್ಳುವುದೋ ಎಂಬ ಧರ್ಮಸಂಕಟಕ್ಕೆ ಸಿಲುಕುತ್ತದೆ. ಕಬ್ಬಿಣದ ಸ್ಟ್ಯಾಂಡಿನ ತೊಟ್ಟಿಲನ್ನು ತರಬಹುದೆಂಬ ಪೂರ್ವಪಕ್ಷವಿದೆಯಾದರೂ, ಅದು ತೂಗುವ ಪ್ರತಿ ಸಲ ಕಿರುಗುಟ್ಟಿ ತಾನೇ ಮಲಗಿಸಿದ ಕೂಸನ್ನು ತಾನೇ ಎಬ್ಬಿಸುವುದರಿಂದ ಆ ಪಕ್ಷ ತನ್ನಿಂದ ತಾನೇ ಖಂಡಿತವಾಗುತ್ತದೆ. ಚಾವಣಿಗೆ ನಲವತ್ತು ರೇಡಿಯಂ ನಕ್ಷತ್ರ ಅಂಟಿಸಿದವನು ಅದೇ ಏಣಿಯ ಮೇಲೆ ನಿಂತು ಒಂದು ಕೊಂಡಿಗಾಗಿ ಕಣ್ಣಾಡಿಸಲಿಲ್ಲವೇಕೆ ಎಂಬ ಪ್ರಶ್ನೆಗೆ ವಿದ್ವಾಂಸರು ಉತ್ತರಿಸಿಲ್ಲ, ಹೆಂಡತಿಯರು ಉತ್ತರಿಸಿದ್ದಾರೆ.

ತೊಟ್ಟಿಲಿನ ಆಯ್ಕೆಯಲ್ಲಿ ಮಾತ್ರ ಈ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಬಣ್ಣ ತುಂಬಿ ಮಾಡುವ ಗೊಂಬೆಗಳಿಗೆ ಜಿಐ ಮಾನ್ಯತೆಯಿದೆ. ತೊಟ್ಟಿಲಿನ ಕೆಲಸಕ್ಕೂ ಅವರು ಹೆಸರಾದವರು. ಇಂಥ ತೊಟ್ಟಿಲು ಪಲ್ಲಂಗದಷ್ಟೇ ಗಂಭೀರವಾಗಿ ನೆಲದ ಮೇಲೆ ಕೂತು ಕೊಂಡಿಗಾಗಿ ಕಾಯುತ್ತದೆ, ಕಾಯುವಷ್ಟು ಕಾಲವೂ ಅದರೊಳಗೆ ಇಸ್ತ್ರಿಯಾಗದ ಬಟ್ಟೆ ತುಂಬಿರುತ್ತದೆ.

ಕಾಯುವ ಕಾಲ ಚಿಕ್ಕದಲ್ಲ. ಚೊಚ್ಚಲ ಬಾಣಂತನ ತವರುಮನೆಯದೆಂಬ ನಿಯಮ ಯಾವ ಕರಾರಿಗಿಂತಲೂ ಗಟ್ಟಿಯಾದದ್ದು. ಏಳನೆಯ ತಿಂಗಳಲ್ಲಿ ಕುಬಸವಾಗುತ್ತದೆ. ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ ಆರತಿ ಮಾಡುವ ಶಾಸ್ತ್ರ. ಅದು ಮುಗಿದ ಮೇಲೆ ತವರಿನವರು ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಆಮೇಲಿನದೆಲ್ಲ ಯಲಬುರ್ಗಾ ತಾಲ್ಲೂಕಿನ ಯಾವುದೋ ಊರಿನಲ್ಲಿ, ಗಾಳಿ ಬಾರದಂತೆ ಕಿಟಕಿ ಮುಚ್ಚಿದ, ಬಣ್ಣವೇ ಕಾಣದ ಕತ್ತಲೆ ಕೋಣೆಯಲ್ಲಿ ನಡೆಯುತ್ತದೆ: ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ, ಬಾಣಂತಿಗೆ ಅಂಟಿನುಂಡೆ, ಕೂಸಿಗೆ ಅಜ್ಜಿಯ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ. ತೊಟ್ಟಿಲು ಶಾಸ್ತ್ರದ ದಿನ ಕೂಸಿಗಿಂತ ಮೊದಲು ಕುಲಾವಿ ತೊಟ್ಟು ಮಲಗುವುದು ಗುಂಡಪ್ಪ, ಅಂದರೆ ಒಳಕಲ್ಲಿನ ಗುಂಡು. ಗಾದೆಯ ಕರ್ತೃಗಳಿಗೆ ಇದು ತಿಳಿದಿತ್ತೋ ಇಲ್ಲವೋ, ಆದರೆ ಕೂಸಿಗೆ ಮೊದಲೇ ಕುಲಾವಿ ಸಿದ್ಧವಿರಬೇಕೆಂಬುದಕ್ಕೆ ಗುಂಡಪ್ಪನಿಗಿಂತ ಗಟ್ಟಿ ಪ್ರಮಾಣ ಬೇರೆ ಬೇಕಾಗಿಲ್ಲ.

ಅತ್ತ ಕೊಪ್ಪಳದಲ್ಲಿ ತಿಳಿಹಸಿರು ಕೋಣೆಯಲ್ಲಿ ಗಂಡನೊಬ್ಬನೇ ನಕ್ಷತ್ರಗಳ ಕೆಳಗೆ ಮಲಗಿರುತ್ತಾನೆ. ಗರ್ಭ ಐದು ತಿಂಗಳು ತುಂಬಿದಾಗ ಮನೆ ಹಿಡಿದರೆ, ಹೆರಿಗೆಗೆ 4 ತಿಂಗಳು, ತಾಯಿ–ಕೂಸು ತವರಿನಿಂದ ಬರುವುದಕ್ಕೆ ಮತ್ತೆ 5 ತಿಂಗಳು, ಒಟ್ಟು 9. ಮೇಲೆ ಗುರುತು ಹಾಕಿಕೊಂಡ 2 ತಿಂಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ: ಕೂಸಿಗಾಗಿ ಹಿಡಿದ ಮನೆಯಲ್ಲಿ ಕೂಸು ಇರುವ ಅವಧಿ ಅಷ್ಟೇ. ಆ ಎರಡು ತಿಂಗಳಲ್ಲೂ ಸಿಂಗರಿಸಿದ ಕೋಣೆಯೊಳಗೆ ತವರಿನಿಂದ ಬಂದ ಸಾಮಾನು, ಗಂಗಾವತಿಯ ಸೋನಾ ಮಸೂರಿ ಅಕ್ಕಿಯ ಎರಡು ಚೀಲ, ಬಾಣಂತಿಯ ನೀರು ಕಾಸುವ ಹಂಡೆ ಸೇರಿಕೊಂಡಿರುವುದರಿಂದ, ಕೂಸು ಹಾಲ್‌ನಲ್ಲಿ, ಫ್ಯಾನು ಇಳಿಸಿದ ಕೊಂಡಿಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗುತ್ತದೆ.

ಹನ್ನೊಂದನೆಯ ತಿಂಗಳಿಗೆ ಮಾಲೀಕರು ಮೇಲೆ ಬಂದು, ಕೂಸಿನ ಗದ್ದ ಹಿಡಿದು ಮುದ್ದಾಡಿ, ಬಾಡಿಗೆ ಹತ್ತು ಪರ್ಸೆಂಟ್ ಹೆಚ್ಚಿಸುವ ಮಾತಾಡಿ, ಹೋಗುವಾಗ ತಲೆಯೆತ್ತಿ ಚಾವಣಿ ನೋಡಿ, ಆ ನಕ್ಷತ್ರಗಳ ಅಂಟು ಬಿಡುತ್ತದೆಯೇ ಎಂದು ವಿಚಾರಿಸುತ್ತಾರೆ.