ಅಕ್ಕಾರು ಬಾಯಿ ಮುಚ್ಚಿದಾಗ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಿಕ್ಕಿರಿದ ಹಾಲ್, ಮುಂದೊಂದು ಮೈಕು, ಕೆಎಎಸ್, ಪಿಎಸ್‌ಐ ಕನಸು, ಓಣಿ ತುಂಬ ಪಿಜಿ ಬೋರ್ಡು. ಸರ್ ಮಾತಾಡುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ. ಬರೆಯಲು ಬಾರದವರಿಗೂ ಕೋಚಿಂಗ್ ಕೊಡಿ ಅಂದಾಗ ಮಾತ್ರ ನಮ್ಮ ವಿದ್ಯಾಕಾಶಿಗೆ ಗಲಿಬಿಲಿ.

ಕೇಂದ್ರ ಸರ್ಕಾರದ ‘ಉಲ್ಲಾಸ್’ ಸಾಕ್ಷರತಾ ಕಾರ್ಯಕ್ರಮ ಇದೆ, 2022ರಿಂದ 2027ರವರೆಗೆ. 15 ವರ್ಷ ದಾಟಿದ ಅನಕ್ಷರಸ್ಥರು ಯಾರು ಬೇಕಾದರೂ ಕಲಿಯಬಹುದು. ಕಲಿಸುವವರು ಸ್ವಯಂಸೇವಕರು, ಪಗಾರ ಕೇಳಬಾರದು. ಕೊನೆಗೆ 150 ಅಂಕದ ಪರೀಕ್ಷೆ: ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50. ಎಲ್ಲ ಸರಿ. ಆದರೆ ಕಲಿಸಲು ಬಂದ ಬಿ.ಎಡ್. ಹುಡುಗಿ, ಅಂದರೆ ನಮ್ಮ ಅಕ್ಕಾರು, ಓದಿದ್ದು ಮಕ್ಕಳ ಮನಸ್ಸಿನ ಶಾಸ್ತ್ರ. ಎದುರಿಗೆ ಕೂತಾಕೆಯೋ ನಾಲ್ಕು ಹೆತ್ತು, ಮೂವರ ಮದುವೆ ಮಾಡಿ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಯಿಪಲ್ಯ ಮಾರುವಾಕೆ.

“ಅ ಅಂದ್ರ ಅರಸ. ಎಲ್ಲಾರೂ ಅನ್ರಿ.”

“ಅರಸ ಹೋಗಿ ಎಷ್ಟ ವರ್ಷ ಆತ್ರೀ ಅಕ್ಕಾರ! ಈಗ ಎಮ್ಮೆಲ್ಲೆ ಅಲ್ಲೇನ್ರೀ?”

ಲೆಕ್ಕದ ಪಾಠ ಇನ್ನೂ ಚಂದ. ಟೊಮೆಟೊ ಕಿಲೋಕ್ಕೆ 60 ಇದ್ದರೆ ಮುಕ್ಕಾಲು ಕಿಲೋಕ್ಕೆ ಎಷ್ಟು ಅಂತ ಅಕ್ಕಾರು ಬೋರ್ಡಿಗೆ ತಿರುಗಿ ಗುಣಾಕಾರ ಹಾಕುವಷ್ಟರಲ್ಲಿ ಬೆನ್ನಿಗೆ ಉತ್ತರ ಬಿತ್ತು: “45 ರೀ. ಭಾಳ ಕಾಡಿದ್ರ 40ಕ್ಕ ಕೊಡತೇನ್ರಿ.” ಇಂಥಾಕೆಗೆ ‘ವೆರಿ ಗುಡ್, ಎಲ್ಲಾರೂ ಚಪ್ಪಾಳೆ’ ಎನ್ನುವುದು ಶುದ್ಧ ಅಧಿಕಪ್ರಸಂಗ. “ಹೆಂಗ ಮಾಡಿದ್ರಿ, ನನಗೂ ತೋರಸ್ರಿ” ಅಂದು ನೋಡಿ. ಕಿಲೋವನ್ನು ನಾಲ್ಕು ಪಾವ್ ಕಿಲೋ ಮಾಡಿ, ಹದಿನೈದರಂತೆ ಮೂರು ಸಲ ಬೆರಳು ಮಡಚುತ್ತಾಳೆ. ಅಕ್ಕಾರ ಕೆಲಸ ಇಷ್ಟೇ: ಆ ಮೂರು ಹದಿನೈದನ್ನು ಒಂದರ ಕೆಳಗೊಂದು ಆಕೆಯ ಕೈಯಿಂದಲೇ ಬರೆಸುವುದು. ಬಾಯಲ್ಲಿದ್ದ ಲೆಕ್ಕ ಪಾಟಿಗಿಳಿಯಿತು.

ಬ್ರೆಜಿಲ್‌ನ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಲ್ಲಿ ಸಂಗಡಿಗರ ಜೊತೆ ಸೇರಿ ಸುಮಾರು 300 ದುಡಿಯುವ ಜನಕ್ಕೆ 40 ಗಂಟೆಯ ಪಾಠದಲ್ಲಿ ಓದು ಬರಹ ಹಿಡಿಸಿ ಹೆಸರಾದವರು. ಮೊದಲು ಜನ ಏನು ಮಾತಾಡುತ್ತಾರೆ ಅಂತ ಕೇಳಿಸಿಕೊಂಡು, ಇಟ್ಟಿಗೆಯಂಥ ಅವರದೇ ಮಾತುಗಳಿಂದ ಅಕ್ಷರ ಬಿಡಿಸಿದರು; ಅರಸನ ಹಂಗು ಬೇಕಾಗಲಿಲ್ಲ. ಹುಬ್ಬಳ್ಳಿಗೆ ಬಂದಿದ್ದರೆ ಬಹುಶಃ ‘ಚಿಗರಿ’ ಬಸ್ಸಿನಿಂದ ಶುರು ಮಾಡುತ್ತಿದ್ದರು. ನವನಗರದಲ್ಲಿ ಇಳಿಯಬೇಕಾದಾಕೆ ಬೋರ್ಡು ಓದಲಾಗದೆ ತಡೆರಹಿತ ಬಸ್ ಹತ್ತಿ, ಧಾರವಾಡ ದರ್ಶನ ಮುಗಿಸಿ ಬಂದಳೆಂದರೆ ಮರುದಿನದ ಪಾಠ ತಯಾರಾದಂತೆಯೇ.

ಯಾಕೆ ಕಲಿಯುತ್ತೀರಿ ಅಂತ ಕೇಳುವುದಕ್ಕೂ ಧೈರ್ಯ ಬೇಕು. ಫಾರ್ಮಿನಲ್ಲಿ ‘ಸಬಲೀಕರಣ’ ಅಂತಿರುತ್ತದೆ. ಬಾಯಿ ಬಿಡಿಸಿದರೆ ಒಬ್ಬಾಕೆಗೆ ಸಂಘದ ಪಾಸ್‌ಬುಕ್ಕಿನಲ್ಲಿ ತನ್ನ ಕಂತು ಸರಿಯಾಗಿ ಏರಿದೆಯೋ ಇಲ್ಲವೋ ನೋಡಬೇಕು. ಇನ್ನೊಬ್ಬಾಕೆಗೆ ಸೊಸೆ ವಾಟ್ಸಾಪಿನಲ್ಲಿ ತವರಿಗೆ ಏನು ಬರೆಯುತ್ತಾಳೆಂದು ತಿಳಿಯಬೇಕು. ಎರಡನೆಯಾಕೆ ಜಲ್ದಿ ಪಾಸಾಗುತ್ತಾಳೆಂದು ನನ್ನ ಗುಮಾನಿ. ಅಕ್ಕಾರು ಮುಖ ಸಿಂಡರಿಸುವಂತಿಲ್ಲ.

ಎಲ್ಲಕ್ಕಿಂತ ಕಠಿಣ ಪಾಠ, ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು. ಉತ್ತರ ಅವರ ಬಾಯಿಂದಲೇ ಬರಲಿ ಅಂತ ತರಬೇತಿಯಲ್ಲಿ ಹೇಳಿ ಕಳಿಸುತ್ತಾರೆ. ಆದರೆ 19ನೇ ಶತಮಾನದಿಂದ ಮಾಸ್ತರರನ್ನೇ ಬೆಳೆದ ಊರು ನಮ್ಮ ಧಾರವಾಡ. ಇಲ್ಲಿ ಲೈನ್ ಬಜಾರಿಗೆ ದಾರಿ ಕೇಳಿದರೂ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಮೂರೂ ಸಿಗುತ್ತವೆ. ಇಂಥ ಊರಿನ ನೀರು ಕುಡಿದ ಅಕ್ಕಾರು ಪ್ರಶ್ನೆ ಹಾಕಿ, ತುಟಿ ಬಿಗಿಹಿಡಿದು, ಮನಸಿನಲ್ಲೇ ಹತ್ತು ಎಣಿಸುತ್ತ ನಿಂತರು ಅನ್ನಿ. ಏಳಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನಿಂದ ಕಾಳಜಿಯ ದನಿ:

“ಯಾಕ್ರೀ ಅಕ್ಕಾರ, ಆರಾಮ ಇಲ್ಲೇನ್ರೀ? ಚಾ ತರಸ್ಲೇನ್ರೀ?”